ಕೊಚ್ಚಿಯಿಂದ ಗಂಗೊಳ್ಳಿಗೆ: 254 ಮೈಲು, 55 ಗಂಟೆ, 64 ಲೀಟರ್ ಡೀಸೆಲ್

ರಾತ್ರಿ ರೈಲು ಹತ್ತಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಮುಗಿಯುವ ದಾರಿ. ಕಳೆದ ಡಿಸೆಂಬರಿನಲ್ಲಿ ಅದೇ ದಾರಿಗೆ ನಾವು ನಾಲ್ವರು ಹಳೆಯ ಗೆಳೆಯರು ನೀರಿನ ಮೇಲೆ 55 ಗಂಟೆ ಕಳೆದೆವು. ಮನೆ ಬಿಟ್ಟು ಮನೆ ಸೇರುವ ಹೊತ್ತಿಗೆ 15 ದಿನ ಆಗಿತ್ತು. ತಂದದ್ದು ಒಂದು 30 ಅಡಿಯ ಹಾಯಿ ಬೋಟು. ಫೈಬರ್ ಮೈ, ಒಂದು ಕಂಬ, ಎರಡು ಹಾಯಿ, ಹೊಟ್ಟೆಯಲ್ಲಿ 18 ಅಶ್ವಶಕ್ತಿಯ ಡೀಸೆಲ್ ಇಂಜಿನ್. ಕೊಚ್ಚಿಯಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿತು, ಗಂಗೊಳ್ಳಿಗೆ ಬರಬೇಕಿತ್ತು.

ನಾಲ್ವರೂ ಒಂದೇ ಶಾಲೆಯ ಒಂದೇ ಬೆಂಚಿನವರು. ಒಬ್ಬ ಹಡಗಿನ ಕೆಲಸದಲ್ಲಿ ದೇಶ ಸುತ್ತಿ ನಿವೃತ್ತನಾದವ, ಬೋಟು ಅವನದು. ಒಬ್ಬ ಟ್ರಾಲ್ ಬೋಟಿನಲ್ಲಿ 30 ವರ್ಷ ಇಂಜಿನ್ ನೋಡಿಕೊಂಡವ. ಇನ್ನೊಬ್ಬ ಬ್ಯಾಂಕಿನಲ್ಲಿದ್ದವ. ನಾನು ನಾಲ್ಕನೆಯವ. ಬ್ಯಾಂಕಿನವನ ಕೈಯಲ್ಲಿ ಮೊದಲ ದಿನದಿಂದಲೂ ಒಂದು ನೋಟ್‌ಪುಸ್ತಕವಿತ್ತು. ಎಡಪುಟದಲ್ಲಿ ಹಣ, ಬಲಪುಟದಲ್ಲಿ ಗಂಟೆ, ಮೈಲು, ಗಾಳಿ. ಕೆಳಗಿನ ಅಂಕಿಗಳೆಲ್ಲ ಆ ಪುಸ್ತಕದವು. ಬೋಟು ತರುವ ಆಲೋಚನೆ ಇರುವ ಕೆಲವರು ಊರಿನಲ್ಲಿ ಕೇಳುತ್ತಲೇ ಇದ್ದಾರೆ: ಒಟ್ಟು ಎಷ್ಟು ಬಿತ್ತು? ಲಾರಿಯಲ್ಲಿ ತಂದಿದ್ದರೆ ಅಗ್ಗವಾಗುತ್ತಿತ್ತೇ? ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ದೂರ. ಕಡಲಿನ ಮೈಲು ರಸ್ತೆಯ ಮೈಲಲ್ಲ, 1.852 ಕಿಲೋಮೀಟರ್. ಅಕ್ಷಾಂಶದ ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ಒಂದು ಭಾಗಕ್ಕೆ ಒಂದು ನಾಟಿಕಲ್ ಮೈಲು. ನಮ್ಮ ಕರಾವಳಿ ಹೆಚ್ಚುಕಡಿಮೆ ತೆಂಕು ಬಡಗಾಗಿ ಮಲಗಿರುವುದರಿಂದ ಈ ಲೆಕ್ಕ ಬಾಯಲ್ಲೇ ಆಗುತ್ತದೆ. ಕೊಚ್ಚಿಯ ಅಳಿವೆ ಸುಮಾರು 9 ಡಿಗ್ರಿ 58 ಮಿನಿಟಿನಲ್ಲಿದೆ, ಗಂಗೊಳ್ಳಿ 13 ಡಿಗ್ರಿ 38ರಲ್ಲಿ. ವ್ಯತ್ಯಾಸ 220 ಮಿನಿಟು, ಅಂದರೆ ಬಡಗಿಗೆ 220 ಮೈಲು. ಜೊತೆಗೆ ಪಡುವಣಕ್ಕೆ 92 ಮೈಲು ಸರಿಯಬೇಕು. ನಕ್ಷೆಯಲ್ಲಿ ನೇರ ಗೆರೆ ಎಳೆದರೆ 238 ಮೈಲು ಆಗುತ್ತದೆ. ಆದರೆ ಆ ಗೆರೆ ಕಣ್ಣೂರಿನಾಚೆ ಏಳಿಮಲೆಯ ಹತ್ತಿರ ನೆಲ ಹತ್ತಿ ಹೋಗುತ್ತದೆ, ಅಲ್ಲಿ ಗುಡ್ಡವನ್ನು ಸುತ್ತಲೇಬೇಕು. ನಡುವೆ ನಾಲ್ಕು ಬಂದರು ಹೊಕ್ಕು ಹೊರಟದ್ದೂ ಸೇರಿ ಜಿಪಿಎಸ್ ಕೊಟ್ಟ ಮೊತ್ತ 254 ಮೈಲು, ಅಂದರೆ 470 ಕಿಲೋಮೀಟರ್.

ಕೊಚ್ಚಿಯಿಂದ ಬೇಪೂರಿಗೆ 80 ಮೈಲು, 17 ಗಂಟೆ. ಬೇಪೂರಿನಿಂದ ಕಣ್ಣೂರಿನ ಅಳೀಕ್ಕಲ್‌ಗೆ 57 ಮೈಲು, 12 ಗಂಟೆ. ಅಲ್ಲಿಂದ ಮಂಗಳೂರಿನ ಹಳೆ ಬಂದರಿಗೆ 64 ಮೈಲು, 14 ಗಂಟೆ. ಮಂಗಳೂರಿನಿಂದ ಮಲ್ಪೆಗೆ 33 ಮೈಲು, 7 ಗಂಟೆ. ಮಲ್ಪೆಯಿಂದ ಗಂಗೊಳ್ಳಿಗೆ 20 ಮೈಲು, 5 ಗಂಟೆ. ಸರಾಸರಿ ವೇಗ ಗಂಟೆಗೆ 4.6 ಮೈಲು, ಕಿಲೋಮೀಟರಿನಲ್ಲಿ ಎಂಟೂವರೆ. ಸೈಕಲ್ ಇದಕ್ಕಿಂತ ವೇಗವಾಗಿ ಹೋಗುತ್ತದೆ. ಇಂಜಿನ್ ಎಷ್ಟೇ ದೊಡ್ಡದಿದ್ದರೂ ಇಂಥ ಬೋಟಿಗೆ ವೇಗದ ಮಿತಿ ಇದೆ. ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಬೇಕು. ನಮ್ಮದು 25 ಅಡಿ, ವರ್ಗಮೂಲ 5, ಗುಣಿಸಿದರೆ 6.7 ನಾಟ್, ಅಂದರೆ ಗಂಟೆಗೆ 6.7 ಮೈಲು. ಅದರಾಚೆ ತಳ್ಳಿದರೆ ಬೋಟು ತಾನೇ ಎಬ್ಬಿಸಿದ ತೆರೆಯನ್ನು ಹತ್ತಲಾರದು, ವೇಗ ಏರುವುದಿಲ್ಲ, ಡೀಸೆಲ್ ಮಾತ್ರ ಖರ್ಚಾಗುತ್ತದೆ.

ಡಿಸೆಂಬರನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಮಳೆಗಾಲದಲ್ಲಿ ನಮ್ಮ ಪಡುಗರೆಯ ನೀರು ತೆಂಕಿಗೆ ಹರಿಯುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಅದೇ ನೀರು ತಿರುಗಿ ಬಡಗಿಗೆ ಹರಿಯುತ್ತದೆ. ಊರ ಕಡೆ ಬರುವವರಿಗೆ ಅದು ಬೆನ್ನಿಗೆ ಕೈಯಿಟ್ಟು ದೂಡಿದ ಹಾಗೆ. ಬೋಟಿನ ತಳದಲ್ಲಿ ತಿರುಗುವ ಚಕ್ರ ನೀರಿನೊಳಗೆ ಸಾಗಿದ ದೂರವನ್ನು ತೋರಿಸುತ್ತದೆ. ಅದರಲ್ಲಿ 229 ಮೈಲು ಇತ್ತು. ಜಿಪಿಎಸ್ಸಿನಲ್ಲಿ 254. ನಡುವಿನ 25 ಮೈಲು ಹರಿವು ಕೊಟ್ಟದ್ದು. ನಮ್ಮ ವೇಗದಲ್ಲಿ ಅದು ಐದೂವರೆ ಗಂಟೆಯ ದಾರಿ. ಇಂಜಿನ್ ಓಡಿಸಿಯೇ ಅಷ್ಟು ಸಾಗಬೇಕಿದ್ದರೆ 11 ಲೀಟರ್ ಡೀಸೆಲ್, ಸಾವಿರ ರೂಪಾಯಿಗೆ ಸ್ವಲ್ಪ ಮೇಲೆ.

ಗಾಳಿಯ ಲೆಕ್ಕ ಇದಕ್ಕಿಂತ ದೊಡ್ಡದು. ರಾತ್ರಿ ನೆಲ ತಣಿದ ಮೇಲೆ ಘಟ್ಟದ ಕಡೆಯಿಂದ ನೆಲಗಾಳಿ ಹೊರಡುತ್ತದೆ. ನಮಗೆ ಸಿಕ್ಕಿದ್ದು 6ರಿಂದ 8 ನಾಟ್. ಬಡಗಿಗೆ ಹೋಗುವ ಬೋಟಿಗೆ ಅದು ಬಲಮಗ್ಗುಲಿನಿಂದ ಬರುತ್ತದೆ, ಹಾಯಿಗೆ ಹೇಳಿ ಮಾಡಿಸಿದ ಗಾಳಿ. ತೆರೆಯೂ ಇರುವುದಿಲ್ಲ. ಮಧ್ಯಾಹ್ನವಾದರೆ ಚಿತ್ರ ಬದಲು. ವಾಯವ್ಯದಿಂದ 12ರಿಂದ 14 ನಾಟ್ ಕಡಲಗಾಳಿ ನೇರ ಮುಖಕ್ಕೆ ಹೊಡೆಯುತ್ತದೆ. ಗಾಳಿ ಬರುವ ದಿಕ್ಕಿಗೆ 45 ಡಿಗ್ರಿಗಿಂತ ಹತ್ತಿರಕ್ಕೆ ಇಂಥ ಬೋಟಿನ ಮೂತಿ ಹಿಡಿಸಲಾಗುವುದಿಲ್ಲ. ಹಾಗಾಗಿ ಅಂಕುಡೊಂಕು ಹೋಗಬೇಕು, 10 ಮೈಲು ಮುಂದೆ ಸಾಗಲು 14 ಮೈಲು. ನಾವು ಮಧ್ಯಾಹ್ನ ಹಾಯಿ ಇಳಿಸಿ ಇಂಜಿನ್ ಹಾಕಿದೆವು. 55 ಗಂಟೆಯಲ್ಲಿ ಬರೀ ಹಾಯಿಯಲ್ಲಿ ಸಾಗಿದ್ದು 24 ಗಂಟೆ, ಇಂಜಿನ್ 31 ಗಂಟೆ. ಆ 24 ಗಂಟೆಯಲ್ಲಿ ಬಹುಪಾಲು ರಾತ್ರಿ ಮತ್ತು ಬೆಳಗಿನ ಜಾವದವು. ಬೋಟಿನ ಮಾಲೀಕನ ಅಪ್ಪ ಮಚ್ವೆ ಎಂಬ ಸರಕಿನ ಹಾಯಿದೋಣಿ ನಡೆಸುವ ತಾಂಡೇಲರಾಗಿದ್ದವರು, ಹಂಚು ತುಂಬಿಕೊಂಡು ಮಲಬಾರಿಗೂ ಮುಂಬೈಗೂ ಹೋಗುತ್ತಿದ್ದರು. ಹಂಚೊಂದಕ್ಕೆ ಎರಡೂವರೆ ಕಿಲೋ ಹಿಡಿದರೆ 20 ಟನ್ನಿನ ಮಚ್ವೆಯಲ್ಲಿ 8,000 ಹಂಚು. ಇಂಜಿನ್ ಇರಲಿಲ್ಲ, ಜಿಪಿಎಸ್ ಇರಲಿಲ್ಲ. ರಾತ್ರಿ ನೆಲಗಾಳಿ ಎದ್ದ ಕೂಡಲೇ ಹಾಯಿ ಕಟ್ಟಿ ಎನ್ನುವುದು ಅವರ ಮಾತು. ಆ ಮಾತಿನ ಬೆಲೆ ನಮ್ಮ ಪುಸ್ತಕದಲ್ಲಿ ಲೀಟರ್ ಲೆಕ್ಕದಲ್ಲೇ ಇದೆ: ಗಂಟೆಗೆ 2 ಲೀಟರಿನಂತೆ 24 ಗಂಟೆಗೆ 48 ಲೀಟರ್ ಉಳಿಯಿತು.

ಡೀಸೆಲ್ ತುಂಬಿಸಿಕೊಂಡದ್ದು 80 ಲೀಟರ್. ಟ್ಯಾಂಕಿನಲ್ಲಿ 40, ತಲಾ 20 ಲೀಟರಿನ ಎರಡು ಕ್ಯಾನ್. ಲೀಟರಿಗೆ 95 ರೂಪಾಯಿಯಂತೆ 7,600 ರೂಪಾಯಿ. ಬಂದರಿನೊಳಗೆ ಹೊಕ್ಕು ಹೊರಡುವ ಓಡಾಟವೂ ಸೇರಿ ಸುಟ್ಟದ್ದು 64 ಲೀಟರ್, 6,080 ರೂಪಾಯಿ. ಗಂಗೊಳ್ಳಿ ಧಕ್ಕೆಗೆ ಹಗ್ಗ ಕಟ್ಟಿದಾಗ 16 ಲೀಟರ್ ಉಳಿದಿತ್ತು. ಎಲ್ಲರೂ ಮೊದಲು ಕೇಳುವುದು ಡೀಸೆಲ್ ಎಷ್ಟು ಕುಡಿಯಿತು ಎಂದು. ಅದು ಸಣ್ಣ ಬಾಬ್ತು.

ದೊಡ್ಡ ಬಾಬ್ತು ಹೊರಡುವ ಮೊದಲೇ ಕೊಚ್ಚಿಯಲ್ಲಿ ಮುಗಿದುಹೋಯಿತು. ಬೋಟಿನ ಕ್ರಯ 8,40,000 ರೂಪಾಯಿ. ಅದನ್ನೂ ಕಾಗದಪತ್ರದ ಖರ್ಚನ್ನೂ ಈ ಲೆಕ್ಕಕ್ಕೆ ಸೇರಿಸಿಲ್ಲ. ಕ್ರೇನಿನಲ್ಲಿ ಎತ್ತಿ ದಡದಲ್ಲಿ ಕೂರಿಸಿ ಮತ್ತೆ ಇಳಿಸಲು 12,000. ತಳದ ತುಂಬ ಚಿಪ್ಪು ಕಚ್ಚಿಕೊಂಡಿತ್ತು. ಮೂವರು ಕೆಲಸದವರು ನಾಲ್ಕು ದಿನ ಕೆರೆದು, ಉಜ್ಜಿ, ಬಣ್ಣ ಬಳಿದರು. ಆಳಿಗೆ ದಿನಕ್ಕೆ 1,100ರಂತೆ 13,200. ನೀರಿನ ಕೆಳಗಿನ ಮೈ ಸುಮಾರು 24 ಚದರ ಮೀಟರ್. ಚಿಪ್ಪು ಹಿಡಿಯದ ಬಣ್ಣ ಲೀಟರಿಗೆ 8 ಚದರ ಮೀಟರ್ ಬರುತ್ತದೆ. ಎರಡು ಕೈ ಬಳಿಯಲು 6 ಲೀಟರ್, 1,900ರಂತೆ 11,400. ಇಂಜಿನ್ನಿನ ಫಿಲ್ಟರ್, ಆಯಿಲ್, ಬೆಲ್ಟು, ನೀರಿನ ಪಂಪಿನ ರಬ್ಬರ್ ಸೇರಿ 9,850. ಮೆಕ್ಯಾನಿಕ್‌ಗೆ 4,500. ಕಂಬವನ್ನು ಹಿಡಿದಿಡುವ ಸ್ಟೀಲ್ ತಂತಿಗಳಲ್ಲಿ ಎರಡರ ಎಳೆ ಬಿಟ್ಟಿತ್ತು, ಬದಲಿಸಲು 14,300. ಹಾಯಿಯ ಹರಿದ ಅಂಚಿಗೆ ತೇಪೆ ಹಾಕಿಸಲು 3,200. ಲಂಗರಿನ ಹಗ್ಗ 60 ಮೀಟರ್, 5,100. ಬ್ಯಾಟರಿ ಹೊಸದು ಎಂದು ಮಾರಿದವರು ಹೇಳಿದ್ದರು. ಮೊದಲ ರಾತ್ರಿ ದೀಪ ಹಾಕಿದ ಮುಕ್ಕಾಲು ಗಂಟೆಗೆ ಎರಡೂ ಸತ್ತವು. ಎರಡು ಹೊಸ ಬ್ಯಾಟರಿಗೆ 19,500. ಬೋಟು ನೋಡಲು ಹೋದವರು ಬ್ಯಾಟರಿಯನ್ನು ಬಾಯಿಮಾತಿನ ಮೇಲೆ ನಂಬಬಾರದು, ಒಂದು ರಾತ್ರಿ ದೀಪ ಉರಿಸಿ ನೋಡಬೇಕು.

ಇನ್ನು ಜೀವ ಕಾಯುವ ಸಾಮಾನು. ವಿಎಚ್‌ಎಫ್ ರೇಡಿಯೊ 16,800. ಲೈಫ್ ಜಾಕೆಟ್ ತಲೆಗೊಂದರಂತೆ ನಾಲ್ಕು, ಮೇಲೊಂದು, ಐದಕ್ಕೆ 12,000. ಎಸೆಯುವ ಬಳೆ ಮತ್ತು ಅಪಾಯ ಸೂಚಿಸುವ ಬೆಂಕಿಕೋಲು ಸೇರಿ 7,200. ಒಟ್ಟು 36,000. ಇಲ್ಲಿ ಸ್ವಲ್ಪ ಕಡಿಮೆ ಮಾಡಬಹುದಲ್ಲ ಎಂದು ಬ್ಯಾಂಕಿನವ ಒಮ್ಮೆ ಕೇಳಿದ. 30 ವರ್ಷ ಕಡಲಿನಲ್ಲಿದ್ದ ಡ್ರೈವರ್ ಗೆಳೆಯ, "ಅದ್ರಗ್ ಮಾತ್ರ ಕೈ ಹಾಕ್ಬೇಡ ಮರಾಯಾ" ಎಂದ. ಅಲ್ಲಿಗೆ ಆ ಮಾತು ನಿಂತಿತು. ಕೊಚ್ಚಿಯ ತಯಾರಿಯ ಮೊತ್ತ 1,29,050 ರೂಪಾಯಿ. ಇದು ಮಾಲೀಕನ ಖರ್ಚು. ಇದರಲ್ಲಿ ಬಹುಪಾಲು ಬೋಟು ಎಲ್ಲಿದ್ದರೂ ಮಾಡಲೇಬೇಕಾದದ್ದು.

ಪ್ರಯಾಣದ ಖರ್ಚನ್ನು ನಾಲ್ವರೂ ಹಂಚಿಕೊಂಡೆವು. ಹೋಗುವಾಗಿನ ರೈಲು 1,320. ಬೋಟು ದಡದ ಮೇಲಿದ್ದ ಮೂರು ರಾತ್ರಿಗೆ ಎರಡು ರೂಮು, 8,400. ಡೀಸೆಲ್ 7,600. ಕುಡಿಯುವ ನೀರು ಐದು ಕ್ಯಾನ್, 350. ದಿನಸಿ 4,870. ಗ್ಯಾಸ್ 620, ಮಂಜುಗಡ್ಡೆ 450, ಬಂದರುಗಳಲ್ಲಿ ಬೋಟು ಕಟ್ಟಿದ್ದಕ್ಕೆ 2,100. ದಡದಲ್ಲಿ ಉಂಡದ್ದು 5,240, ರಿಕ್ಷಾ 1,450. ಮುಳುಗುಗಾರನಿಗೆ 2,500, ಅದರ ಕತೆ ಮುಂದಿದೆ. ಮೊತ್ತ 34,900, ತಲೆಗೆ 8,725 ರೂಪಾಯಿ.

ನೀರಿಗೆ ಲೆಕ್ಕ ಹಾಕಿದ್ದು ಹೀಗೆ: ಕುಡಿಯಲು, ಬೇಯಿಸಲು ತಲೆಗೆ ದಿನಕ್ಕೆ 4 ಲೀಟರ್. ನಾಲ್ವರಿಗೆ ಆರು ದಿನಕ್ಕೆ 96. ತೆಗೆದುಕೊಂಡದ್ದು 100. ದಿನಸಿಯಲ್ಲಿ 6 ಕಿಲೋ ಕುಚ್ಚಲಕ್ಕಿ, 2 ಕಿಲೋ ಅವಲಕ್ಕಿ, 60 ಮೊಟ್ಟೆ, 8 ತೆಂಗಿನಕಾಯಿ, 4 ಕಿಲೋ ಈರುಳ್ಳಿ, ಬೆಲ್ಲ, ಚಹಾಪುಡಿ, ಮನೆಯಿಂದ ತಂದ ಮಾವಿನಮಿಡಿ ಉಪ್ಪಿನಕಾಯಿ. ಗಂಜಿ ಕುಕ್ಕರಿನಲ್ಲೇ ಆಗಬೇಕು. ಬೋಟು ಓಲಾಡುವಾಗ ಬಾಯಿ ತೆರೆದ ಪಾತ್ರೆ ಒಲೆಯ ಮೇಲೆ ನಿಲ್ಲುವುದಿಲ್ಲ, ಬಿಸಿ ಗಂಜಿ ಮೈಮೇಲೆ ಬಿದ್ದರೆ ಕಡಲಿನಲ್ಲಿ ಡಾಕ್ಟರಿಲ್ಲ. ಗಾಳ ಬಿಟ್ಟು ಬಂದೆವು. ಐದು ಹಂತದಲ್ಲಿ ಸಿಕ್ಕಿದ್ದು ಎರಡೇ ಎರಡು ಮೀನು.

ಮುಳುಗುಗಾರನ ಕತೆ ಅಳೀಕ್ಕಲ್‌ನದು. ಅಳಿವೆಗೆ ಎರಡು ಮೈಲು ಇರುವಾಗ, ಮಧ್ಯಾಹ್ನ ಎರಡೂವರೆಯ ಹೊತ್ತಿಗೆ, ಇಂಜಿನ್ನಿನ ಸದ್ದು ಒಮ್ಮೆಲೇ ದಪ್ಪಗಾಯಿತು. "ಹಗ್ಗ ಸಿಕ್ಕಿತ್ತ್, ಬಂದ್ ಮಾಡ್!" ಎಂದು ಡ್ರೈವರ್ ಗೆಳೆಯ ಕೂಗಿದ. ಕೀಲಿ ತಿರುಗಿಸುವಷ್ಟರಲ್ಲಿ ಬೋಟು ಗಕ್ಕನೆ ನಡುಗಿ ನಿಂತಿತು. ಹಿಂಬದಿಗೆ ಬಾಗಿ ನೋಡಿದರೆ ಹಸಿರು ನೈಲಾನ್ ಹಗ್ಗವೊಂದು ತಳದಿಂದ ಬಾಲದ ಹಾಗೆ ತೇಲುತ್ತಿತ್ತು. ಯಾವುದೋ ಬಲೆಯಿಂದ ಕಳಚಿ ಬಂದ ತುಂಡು. ಗಾಳಿ ದಡದ ಕಡೆ ತಳ್ಳುತ್ತಿತ್ತು. ಲಂಗರು ಬಿಟ್ಟೆವು, 60 ಮೀಟರ್ ಹಗ್ಗದಲ್ಲಿ 45 ಮೀಟರ್ ಹೋಯಿತು. 5,100 ರೂಪಾಯಿಯ ಹಗ್ಗ ಆ ಹೊತ್ತಿನಲ್ಲಿ ಬೋಟಿನ ಬೆಲೆ ಬಾಳಿತು. ಕೊನೆಗೆ ಮುಂದಿನ ಸಣ್ಣ ಹಾಯಿಯೊಂದನ್ನೇ ಏರಿಸಿ ಮೆಲ್ಲಗೆ ಒಳಗೆ ಬಂದೆವು. ಮರುದಿನ ಒಬ್ಬ ಹುಡುಗ ಚೂರಿ ಹಿಡಿದು ಮುಳುಗಿ, ಆರು ಬಾರಿ ಮೇಲೆ ಬಂದು ಹೋಗಿ, ಫ್ಯಾನಿಗೆ, ಅಂದರೆ ಪ್ರೊಪೆಲ್ಲರಿಗೆ, ಸುತ್ತಿದ್ದ ಹಗ್ಗವನ್ನು ತುಂಡು ತುಂಡಾಗಿ ಕೊಯ್ದು ತೆಗೆದ. ಬಿಸಿಗೆ ಕರಗಿ ಗಂಟಾಗಿದ್ದ ಆ ಮುದ್ದೆ ನನ್ನ ಎರಡು ಮುಷ್ಟಿಯಷ್ಟಿತ್ತು. ಅದರ ಮಾರನೆಯ ದಿನ ಸಂಜೆಯವರೆಗೂ ಗಾಳಿ ಜೋರು. ಹೀಗೆ ಅಳೀಕ್ಕಲ್‌ನಲ್ಲಿ ಎರಡು ದಿನ ನಿಂತೆವು. ಬಲೆಯ ತುಂಡನ್ನು ಕಡಲಿಗೆ ಎಸೆಯುವವರು ನಮ್ಮವರೇ. ಆ ಹಗ್ಗ ಇನ್ನೊಬ್ಬ ಮೀನುಗಾರನ ಫ್ಯಾನಿಗೇ ಹೋಗಿ ಸುತ್ತುತ್ತದೆ ಎನ್ನುವುದನ್ನು ನೆನಪಿಟ್ಟುಕೊಳ್ಳಬೇಕು.

55 ಗಂಟೆಯಲ್ಲಿ ಸಂಜೆ ಆರರಿಂದ ಬೆಳಗ್ಗೆ ಆರರ ನಡುವಿನವು 29 ಗಂಟೆ. ಯಾವ ಹೊತ್ತಿನಲ್ಲೂ ಇಬ್ಬರು ಎಚ್ಚರವಿರಬೇಕೆಂದು ಕಟ್ಟು ಮಾಡಿಕೊಂಡಿದ್ದೆವು. ಒಬ್ಬ ಚುಕ್ಕಾಣಿಗೆ, ಒಬ್ಬ ಕಣ್ಣಿಗೆ. ಒಟ್ಟು 110 ಗಂಟೆಯ ಕಾವಲು, ತಲೆಗೆ ಇಪ್ಪತ್ತೇಳೂವರೆ. ರಾತ್ರಿ ಬಲೆಯ ತುದಿಗೆ ಕಟ್ಟಿದ ಮಿಣುಕು ದೀಪಗಳನ್ನು ಎಣಿಸುತ್ತ, ನವಮಂಗಳೂರು ಬಂದರಿನ ಹೊರಗೆ ಲಂಗರು ಹಾಕಿ ಸರದಿ ಕಾಯುವ ದೊಡ್ಡ ಹಡಗುಗಳಿಂದ ದೂರ ಸರಿಯುತ್ತ ಬರಬೇಕು. ಮಂಗಳೂರಿನಿಂದ ನಸುಕಿನ ನಾಲ್ಕಕ್ಕೆ ಹೊರಟು ಬಡಗಿಗೆ ತಿರುಗಿದ ಮೇಲೆ ಕಾಪುವಿನ ದೀಪ ಕಂಡಿತು. 1901ರಿಂದ ಉರಿಯುತ್ತಿರುವ ದೀಪ ಅದು. ಕಾವಲಿನಲ್ಲಿ ನನ್ನ ಜೊತೆಗಿದ್ದವ ಬ್ಯಾಂಕಿನವ. ಅವನ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು, ನಾವು ಯಾರೂ ಆ ಮಾತು ಎತ್ತಿರಲಿಲ್ಲ. ಆ ನಸುಕಿನಲ್ಲಿ ಅವನೇ ಎತ್ತಿದ. ದೀಪ ಬಲಕ್ಕೆ ಬಂದು ಹಿಂದೆ ಸರಿಯುವವರೆಗೂ ಮಾತಾಡಿದ. ಪುಸ್ತಕದ ಆ ಪುಟದಲ್ಲಿ ಗಂಟೆ, ಮೈಲು ಬರೆದದ್ದು ನಾನು.

ಮಲ್ಪೆ ಬಿಟ್ಟು ಸೇಂಟ್ ಮೇರೀಸ್ ದ್ವೀಪಗಳನ್ನು ಹೊರಗಿನಿಂದ ಸುತ್ತಿದ ಕೊನೆಯ ಹಂತದಲ್ಲಿ ಗಾಳಿಯೇ ಇರಲಿಲ್ಲ, ಐದು ಗಂಟೆಯೂ ಇಂಜಿನ್. ನಮ್ಮ ಬೋಟಿಗೆ ನಾಲ್ಕೂವರೆ ಅಡಿ ನೀರು ಬೇಕು. ಐದು ನದಿಗಳು ಕೂಡುವ ಗಂಗೊಳ್ಳಿಯ ಅಳಿವೆಯಲ್ಲಿ ಮರಳು ಜಾಗ ಬದಲಿಸುತ್ತಿರುತ್ತದೆ. ಹೊರಗೆ ನಿಧಾನ ಮಾಡಿ, ಭರತ ಏರಿದ ಮೇಲೆ, ಒಂದು ಟ್ರಾಲ್ ಬೋಟಿನ ಹಿಂದೆ ಅದರ ಜಾಡಿನಲ್ಲೇ ಒಳಗೆ ಬಂದೆವು. ಧಕ್ಕೆಯಲ್ಲಿ ಹಗ್ಗ ಹಿಡಿದವನು ಕೇಳಿದ್ದು, "ಎಷ್ಟ್ ಬಿತ್ತಾ ಒಟ್ಟಿಗೆ?"

ಈಗ ಆ ಪ್ರಶ್ನೆ. ಲಾರಿಯವರು ಹೇಳಿದ್ದು 78,000. ಎರಡೂ ಕಡೆ ಕ್ರೇನಿಗೆ 12,000ರಂತೆ 24,000 ಸೇರಿಸಿದರೆ 1,02,000. ಬೋಟಿನ ಅಗಲ ಒಂಬತ್ತೂವರೆ ಅಡಿ, ಅಂದರೆ 2.9 ಮೀಟರ್. ರಸ್ತೆಯ ಮೇಲೆ ವಾಹನಕ್ಕಿರುವ ಅಗಲದ ಮಿತಿ 2.6 ಮೀಟರ್. ಹಾಗಾಗಿ ವಿಶೇಷ ಪರವಾನಗಿಯೂ ಬೇಕು, ಕಂಬವನ್ನೂ ಕಳಚಬೇಕು. ಕಡಲಿನಲ್ಲಿ ತಂದದ್ದಕ್ಕೆ 34,900. ಮೇಲ್ನೋಟಕ್ಕೆ 67,100 ರೂಪಾಯಿ ಉಳಿತಾಯ.

ಆದರೆ ನಾಲ್ವರು 15 ದಿನ ಎಂದರೆ 60 ಆಳುದಿನ. ಅದಕ್ಕೆ ಯಾರೂ ಕೂಲಿ ಪಡೆಯಲಿಲ್ಲ. ಕೊಚ್ಚಿಯಲ್ಲಿ ತಳ ಕೆರೆದವರಿಗೆ ಕೊಟ್ಟ 1,100ರ ದರವನ್ನೇ ಇಟ್ಟರೂ 66,000 ಆಗುತ್ತದೆ. ಆಗ ಕಡಲ ದಾರಿಯ ನಿಜವಾದ ಖರ್ಚು 1,00,900. ಲಾರಿಗೂ ಅದಕ್ಕೂ ಇರುವ ವ್ಯತ್ಯಾಸ 1,100 ರೂಪಾಯಿ, ಒಬ್ಬ ಆಳಿನ ಒಂದು ದಿನದ ಸಂಬಳ. ಅಂದರೆ ಕಡಲು ಅಗ್ಗವಲ್ಲ. ಅಗ್ಗ ಮಾಡಿದ್ದು ಗೆಳೆಯರು. ರಜೆ, ನಿದ್ದೆ, ಮೈನೋವು ಯಾವುದನ್ನೂ ಲೆಕ್ಕಕ್ಕೆ ಹಿಡಿಯದೆ ಬಂದ ಮೂವರಿಲ್ಲದಿದ್ದರೆ ಮಾಲೀಕನಿಗೆ ಲಾರಿಯೇ ಸರಿಯಾದ ದಾರಿ. ಸಂಬಳಕ್ಕೆ ಜನ ಇಟ್ಟು ಕಡಲಿನಲ್ಲಿ ತರಿಸಿದರೆ ಉಳಿತಾಯವಿದೆ ಎಂದು ಯಾರಾದರೂ ಹೇಳಿದರೆ, ಅವರ ಲೆಕ್ಕದಲ್ಲಿ ಕಾಯುವ ದಿನಗಳು ಸೇರಿಲ್ಲ ಎಂದೇ ತಿಳಿಯಿರಿ.

ಗೆಳೆಯರಿದ್ದು ಹೊರಡುವವರಾದರೆ ನವೆಂಬರ್ ನಡುವಿನಿಂದ ಜನವರಿ ಮುಗಿಯುವುದರೊಳಗೆ ಹೊರಡಿ. ನೀರಿನ ಮೇಲಿನ ಗಂಟೆ ಎಷ್ಟೇ ಬಂದರೂ ಕೈಯಲ್ಲಿ 15 ದಿನ ಇಟ್ಟುಕೊಳ್ಳಿ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕೊಡುವ ತೆರೆ ಮತ್ತು ಗಾಳಿಯ ಮುನ್ಸೂಚನೆಯನ್ನು ಪ್ರತಿ ಬಂದರಿನಲ್ಲೂ ನೋಡಿಯೇ ಹಗ್ಗ ಬಿಚ್ಚಿ. ಬೋಟಿನ ಹೆಸರು, ಜನರ ಹೆಸರು, ಹೊರಡುವ ಹೊತ್ತನ್ನು ಕರಾವಳಿ ಕಾವಲು ಪೊಲೀಸರಿಗೂ ಮನೆಗೂ ತಿಳಿಸಿ. ರೇಡಿಯೊ 16ನೇ ಚಾನೆಲ್‌ನಲ್ಲಿರಲಿ. ಕೋಸ್ಟ್ ಗಾರ್ಡಿನ ತುರ್ತು ಸಂಖ್ಯೆ 1554, ಅದನ್ನು ಚುಕ್ಕಾಣಿಯ ಪಕ್ಕ ಎಲ್ಲರಿಗೂ ಕಾಣುವಂತೆ ಬರೆದಿಡಿ. ರಾತ್ರಿ ಕಾವಲಿಗೆ ಮೇಲೆ ಬರುವವರು ಯಾರೇ ಇರಲಿ, ಲೈಫ್ ಜಾಕೆಟ್ ತೊಟ್ಟೇ ಬರಲಿ.